ಎಂತ ಚಿತ್ರ

ನಮ್ಮ ಮನೆಯ ಮುಂದಿನ ಕೋಣೆ ಈಗ ಹೆದ್ದಾರಿಯ ಅಡಿಯಲ್ಲಿದೆ. ಹೊನ್ನಾವರದ ಸೇತುವೆಗೆ ಸ್ವಲ್ಪ ಮೊದಲು, ರಸ್ತೆ ಅಗಲ ಮಾಡುವಾಗ ಅಳತೆಗೆ ಬಂದವರು ಗೋಡೆಯ ಮೇಲೆ ಕೆಂಪು ಗೀಟು ಎಳೆದು ಹೋದರು. ಗೀಟಿನ ಆಚೆ ಇದ್ದದ್ದು ಹೋಯಿತು, ಈಚೆ ಇದ್ದದ್ದು ಉಳಿಯಿತು. ಹೋದದ್ದು ಆಯಿ, ಎಂದರೆ ನನ್ನ ತಾಯಿ, ಚಿತ್ರ ಬರೆಯುತ್ತಿದ್ದ ಕೋಣೆ. ಉಳಿದದ್ದು ನಡುಮನೆ ಮತ್ತು ಹೊಳೆಯ ಕಡೆಗೆ ಮುಖ ಮಾಡಿದ ಅಡುಗೆಮನೆ. ಅವೆರಡರಲ್ಲಿ ಈಗ ಪಂಕ್ಚರ್ ಅಂಗಡಿ ಇದೆ. ಈಚೆಗೆ ಹೋಗಿ ನೋಡಿದಾಗ ಒಲೆ ಇದ್ದ ಕಡೆ ಸೈಕಲ್ ಟ್ಯೂಬುಗಳು ನೇತಾಡುತ್ತಿದ್ದವು. ನಾನು ಹೋದದ್ದು ಹಳೆಯದನ್ನು ನೆನೆದು ಮರುಗುವುದಕ್ಕಲ್ಲ, ಕೆಲಸದ ಮೇಲೆ. ಕುಮಟೆಯಲ್ಲಿ ಆಯಿಯ ಚಿತ್ರಗಳ ಪ್ರದರ್ಶನ ಇಟ್ಟುಕೊಂಡಿದ್ದ ಹುಡುಗಿಗೆ ಒಂದು ಚಿತ್ರದ ಕೆಳಗೆ ಅಂಟಿಸಲು ನಲವತ್ತು ಪದಗಳ ಟಿಪ್ಪಣಿ ಬೇಕಿತ್ತು. ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಮೂವತ್ತು ವರ್ಷ ಕೂತು ಬೇರೆಯವರ ಬರಹ ಕತ್ತರಿಸಿದವಳು. ಪ್ರವಾಹಕ್ಕೆ, ಅಪಘಾತಕ್ಕೆ, ಮಂತ್ರಿಮಂಡಲ ಬಿದ್ದದ್ದಕ್ಕೆ ಹತ್ತು ನಿಮಿಷದಲ್ಲಿ ಶೀರ್ಷಿಕೆ ಕೊಟ್ಟವಳು. ಈ ನಲವತ್ತು ಪದಗಳ ಮುಂದೆ ಹನ್ನೊಂದು ದಿನ ಕೂತೆ. ಬರೆದದ್ದೆಲ್ಲ ಒಂದೋ ಸುಳ್ಳು, ಇಲ್ಲವೇ ಹೊಗಳಿಕೆ. ಯಾಕೆ ಹಾಗಾಯಿತು ಎಂದು ಹುಡುಕಿಕೊಂಡು ಹೋದರೆ, ಅದರ ಕಾರಣ ಆ ಮನೆಯಲ್ಲೇ ಇದೆ.

ಆಯಿಯ ತವರು ಭಟ್ಕಳ. ಅಜ್ಜ ಅಲ್ಲಿನ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ. ದೋಣಿಗೆ ಹೆಸರು ಬರೆಯುವುದು ಕೊನೆಯ ಕೆಲಸ, ಮೊದಲು ಪಟ್ಟಿ. ಒಂದು ಮನೆಯ ದೋಣಿಗೆ ಹಸಿರಿನ ಮೇಲೆ ಎರಡು ಬಿಳಿ ಪಟ್ಟಿ, ಇನ್ನೊಂದಕ್ಕೆ ನೀಲಿ, ಹಳದಿ, ಮತ್ತೆ ನೀಲಿ. ಸಮುದ್ರದ ಅಂಚಿನಲ್ಲಿ ದೋಣಿ ಕಂಡಾಗ ದಡದಲ್ಲಿ ನಿಂತ ಹೆಂಗಸರು ಅದು ತಮ್ಮದೋ ಬೇರೆಯವರದೋ ಎಂದು ತಿಳಿಯುತ್ತಿದ್ದದ್ದು ಆ ಪಟ್ಟಿಗಳಿಂದ. ಅಷ್ಟು ದೂರದಿಂದ ಹೆಸರು ಯಾರಿಗೂ ಕಾಣುವುದಿಲ್ಲ. ಮದುವೆಗೆ ಮೊದಲು ಆಯಿ ಅಜ್ಜನಿಗೆ ಪಟ್ಟಿ ತುಂಬಿಕೊಡುತ್ತಿದ್ದಳು. ಇದು ಅವಳು ಹೇಳಿದ್ದು, ನಾನು ಕಂಡದ್ದಲ್ಲ. ನಾನು ಕಂಡದ್ದು ಹೊನ್ನಾವರದ ಮನೆಗೆ ಬಂದ ಮೇಲೂ ಅವಳ ಕೈಯಲ್ಲಿ ಅದೇ ಬಣ್ಣ ಇದ್ದದ್ದನ್ನು. ಚಿತ್ರಕಾರರ ಬಣ್ಣ ಬೇಕಾದರೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಆಯಿ ಬಂದರಿನ ಅಂಗಡಿಯವನಿಂದ ತಳದಲ್ಲಿ ಉಳಿದ ದೋಣಿ ಬಣ್ಣದ ಡಬ್ಬಿಗಳನ್ನು ತರಿಸಿಕೊಂಡು, ಸೀಮೆಎಣ್ಣೆಯಲ್ಲಿ ಸಡಿಲ ಮಾಡಿ, ಹಾರ್ಡ್‌ಬೋರ್ಡಿನ ಹಲಗೆಗಳ ಮೇಲೆ ಬರೆಯುತ್ತಿದ್ದಳು. ಮಳೆಗಾಲದಲ್ಲಿ ಅವು ಒಣಗುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆಹಣ್ಣಿನ ಭರಣಿಯ ಪಕ್ಕ ಅವನ್ನು ನಿಲ್ಲಿಸುತ್ತಿದ್ದಳು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಊಟಕ್ಕೆ ಬಣ್ಣದ ವಾಸನೆ, ಚಿತ್ರಕ್ಕೆ ಬಂಗಡೆ ಸಾರಿನ ವಾಸನೆ.

ಅಪ್ಪ ಹಗಲು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಸಂಜೆ ಕವಿ. ಅವನ ಒಂದೇ ಒಂದು ಕವಿತೆ ಯಾವುದೋ ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು. ಉಳಿದವು ಉದ್ದನೆಯ ಒಂದು ನೋಟುಬುಕ್ಕಿನಲ್ಲಿದ್ದವು. ಐದೂವರೆಗೆ ಮನೆಗೆ ಬಂದು, ಕಾಲು ತೊಳೆದು, ಚಹಾ ಮತ್ತು ಒಗ್ಗರಣೆ ಅವಲಕ್ಕಿ ಮುಗಿಸಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದ. ಪ್ರತಿ ಸಾಲನ್ನೂ ಎರಡು ಸಲ. ಕಚೇರಿಯಲ್ಲಿ ಸಾಹೇಬರಿಗೆ ಅರ್ಜಿ ಓದಿ ಹೇಳುವ ಅಭ್ಯಾಸ ಅದು. ಆಯಿ ಒಳಗೆ ಈಳಿಗೆಮಣೆಯ ಮೇಲೆ ಕೂತು ಮರುದಿನದ ಸಾರಿಗೆ ಕಾಯಿ ತುರಿಯುತ್ತಿದ್ದಳು. ಚೆನ್ನಾಗಿದೆ ಎಂದಾಗಲೀ ಇಲ್ಲ ಎಂದಾಗಲೀ ಅವಳು ಹೇಳಿದ್ದು ನನಗೆ ನೆನಪಿಲ್ಲ. ಆದರೆ ಓದಿನ ನಡುವೆ ಯಾವುದೋ ಒಂದು ಮಾತಿಗೆ ತುರಿಯುವ ಸದ್ದು ನಿಲ್ಲುತ್ತಿತ್ತು. ನಾನು ನಡುವೆ ಕೂತು ಅದನ್ನೇ ಕಾಯುತ್ತಿದ್ದೆ. ಸದ್ದು ನಿಂತರೆ ಮರುದಿನ ಚಿತ್ರ. ಅಪ್ಪ ಹತ್ತು ಗಂಟೆಗೆ ಕಚೇರಿಗೆ ಹೋಗಿ, ಅನ್ನ ಒಲೆಯ ಮೇಲೆ ಕೂತ ಮೇಲೆ, ಮುಂದಿನ ಕೋಣೆಯಲ್ಲಿ ಹಲಗೆ ಗೋಡೆಗೆ ಒರಗುತ್ತಿತ್ತು. ಸದ್ದು ನಿಲ್ಲದಿದ್ದರೆ ಆ ಕವಿತೆಗೆ ಚಿತ್ರವಿಲ್ಲ. ಇದು ಅಪ್ಪನಿಗೆ ಗೊತ್ತಿರಲಿಲ್ಲ. ಅವನು ತನ್ನ ಒಳ್ಳೆಯ ಕವಿತೆಗಳಿಗೆ ಮಾತ್ರ ಅವಳು ಚಿತ್ರ ಬರೆಯುತ್ತಾಳೆ ಎಂದುಕೊಂಡಿದ್ದ.

ನನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ದೋಣಿಯ ಕವಿತೆ ಬರೆದ. ‘ದೋಣಿ ಹೋದ ಮೇಲೆ ದಡಕ್ಕೆ ಕೆಲಸವಿಲ್ಲ’ ಎಂದು ಅದರ ಮೊದಲ ಸಾಲು. ಈಳಿಗೆಮಣೆಯ ಸದ್ದು ‘ದೋಣಿ’ಗೆ ನಿಲ್ಲಲಿಲ್ಲ, ‘ದಡ’ಕ್ಕೆ ನಿಲ್ಲಲಿಲ್ಲ. ‘ಮೇಲೆ’ ಎಂಬಲ್ಲಿ ನಿಂತಿತು. ಅಪ್ಪ ಎರಡನೆಯ ಸಲ ಓದಿದಾಗಲೂ ಅಲ್ಲೇ. ಆ ಚಿತ್ರಕ್ಕೆ ಆಯಿ ಆರು ದಿನ ತೆಗೆದುಕೊಂಡಳು. ಹಲಗೆಯ ತುಂಬ ಹಸಿರು ಕಲೆತ ಬೂದು, ಒಂದರ ಮೇಲೊಂದು ಬಳಿದು ಬಟ್ಟೆಯಿಂದ ಒರೆಸಿ ತೆಗೆದ ಹಾಗೆ. ಕೆಳಗೆ ಬಲಕ್ಕೆ ಅಂಗೈ ಅಗಲದ ಒಂದು ಕೆಂಪು ಪಟ್ಟಿ. ಅದು ಅಂಚಿನವರೆಗೂ ಹೋಗಿ ತಟ್ಟನೆ ಮುಗಿಯುತ್ತಿತ್ತು. ಅಷ್ಟೇ. ಸಂಜೆ ಅಪ್ಪ ಚಹಾ ಲೋಟ ಹಿಡಿದು ಅದರ ಮುಂದೆ ನಿಂತ.

“ದೋಣಿ ಎಲ್ಲಿ?”

“ಹೋತು.”

“ಎಲ್ಲಿ ಹೋತು?”

“ನಂಗೆಂತ ಗೊತ್ತು? ಹೋದ ಮೇಲೆ ಅಂತ ಬರೆದೋರು ನೀವು.”

“ತಮಾಷೆ ಸಾಕು ಮಾರಾಯ್ತಿ. ಮೂಲೇಲಿ ಒಂದು ಸಣ್ಣ ಹಾಯಾದ್ರೂ ಹಾಕು. ನೋಡೂರಿಗೆ ಒಂದು ಗುರ್ತು ಬೇಕಲ್ದ?”

“ಪಟ್ಟಿ ಹಾಕಿದ್ದೆ ಅಲ್ದ. ಅದೇ ಗುರ್ತು.”

ಮೂರು ದಿನ ಅವರಿಬ್ಬರ ನಡುವೆ ನೇರ ಮಾತಿರಲಿಲ್ಲ. ಪ್ರತಿ ಜಗಳದಲ್ಲೂ ಆಗುವಂತೆ ಎಲ್ಲವೂ ನನ್ನ ಮೂಲಕ. ಒಂದೇ ಕೋಣೆಯಲ್ಲಿ ಎರಡು ಮೊಳ ದೂರದಲ್ಲಿ ಕೂತಿದ್ದರೂ ಆಯಿಯೂ ಅಪ್ಪನೂ ನನ್ನ ಕಡೆ ತಿರುಗಿ, ಮಗಳನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ‘ತಂಗೀ’ ಎಂದು ಹೇಳುವರು:

“ತಂಗೀ, ಅಪ್ಪನ ಹತ್ರ ಹೇಳು. ಗಂಜಿ ಆರ್ತದೆ.”

“ತಂಗೀ, ಆಯಿ ಹತ್ರ ಹೇಳು. ದೋಣಿ ಬಂದ್ರೆ ಊಟಕ್ಕೆ ಬತ್ತೆ.”

“ಬರೂದಿಲ್ಲ ಅಂತ ಹೇಳು. ಉಪ್ಪಿನಕಾಯಿ ಬೇಕಾ ಕೇಳು.”

ನಾನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ದಾಟಿಸುತ್ತಿದ್ದೆ. ಯಾರ ಪಕ್ಷವನ್ನೂ ವಹಿಸದೆ ಇಬ್ಬರ ಮಾತನ್ನೂ ಹೇಳುವುದು ನನಗೆ ಹೆಮ್ಮೆಯ ಕೆಲಸವಾಗಿತ್ತು. ಮುಂದೆ ಡೆಸ್ಕಿನಲ್ಲಿ ಅದನ್ನೇ ನನ್ನ ಗುಣ ಎಂದರು. ಅದು ಗುಣವಲ್ಲ, ಆ ಅಡುಗೆಮನೆಯಲ್ಲಿ ಬಿದ್ದ ಅಭ್ಯಾಸ.

ಚಿತ್ರಗಳು ಮನೆಯಿಂದ ಹೊರಗೆ ಹೋದದ್ದು ಕುಮಟೆಯ ಒಬ್ಬ ಡ್ರಾಯಿಂಗ್ ಮಾಸ್ತರರಿಂದ. ಯಾವುದೋ ದಾಖಲೆಗೆ ಕಚೇರಿಗೆ ಬಂದವರನ್ನು ಅಪ್ಪ ಚಹಾಕ್ಕೆ ಕರೆತಂದಿದ್ದ. ಅವರು ಮುಂದಿನ ಕೋಣೆಯಲ್ಲೇ ನಿಂತುಬಿಟ್ಟರು. ಚಹಾ ಆರಿತು. ಬೇಸಿಗೆ ರಜೆಯಲ್ಲಿ ಹೊನ್ನಾವರದ ಒಂದು ಶಾಲೆಯ ಸಭಾಂಗಣವನ್ನು ಮೂರು ದಿನಕ್ಕೆ ಕೊಡಿಸಿದ್ದು ಅವರೇ. ಒಂಬತ್ತು ಚಿತ್ರ. ಅವು ಹೇಗೆ ನೇತಾಡಬೇಕು ಎಂಬುದರ ಮೇಲೆ ಮನೆಯಲ್ಲಿ ಮತ್ತೊಂದು ಸುತ್ತಿನ ಜಗಳ. ಪ್ರತಿ ಚಿತ್ರದ ಪಕ್ಕದಲ್ಲೂ ಅದರ ಕವಿತೆ ಇರಬೇಕು ಎಂದು ಅಪ್ಪ. ಏನೂ ಇರಬಾರದು, ಬೇಕಾದರೆ ಒಂದು, ಎರಡು ಎಂದು ನಂಬರು ಹಾಕಿ ಎಂದು ಆಯಿ.

“ಕವಿತೆಯಿಂದಲೇ ಹುಟ್ಟಿದ್ದು ಅಂತ ನೀನೇ ಹೇಳ್ತೆ. ಹಾಕೂಕೆ ಎಂತ ತೊಂದ್ರೆ?”

“ಸಾರಿಗೆ ಕಾಯಿ ಹಾಕ್ತೆ. ಬಡಿಸೂವಾಗ ಕರಟ ತಂದು ಬಾಳೆ ಪಕ್ಕ ಇಡ್ತೆನಾ?”

ಅಪ್ಪನ ಮುಖ ಸಣ್ಣದಾಯಿತು. ತನ್ನ ಕವಿತೆಯನ್ನು ಕರಟ ಎಂದದ್ದು ಅವನಿಗೆ ಹಲವು ವರ್ಷ ಚುಚ್ಚುತ್ತಿತ್ತು. ಆದರೆ ಸಭಾಂಗಣ ಸಿಕ್ಕಿದ್ದು ಅಪ್ಪನ ಪರಿಚಯದಿಂದ, ಹಲಗೆಗಳನ್ನು ಸಾಗಿಸುವವನು ಅಪ್ಪ. ಕೊನೆಗೆ ಗೆದ್ದವನೂ ಅವನೇ. ಒಂಬತ್ತು ಕವಿತೆಗಳನ್ನು ಡ್ರಾಯಿಂಗ್ ಶೀಟಿನ ಮೇಲೆ ದುಂಡಗೆ ಬರೆದವಳು ನಾನು. ಆಯಿ ನನ್ನ ಪಕ್ಕ ಕೂತು ನೋಡುತ್ತಿದ್ದಳು. ಅವಳು ಅಂದದ್ದು ಒಂದೇ ಮಾತು.

“ನಿನ್ನ ಅಕ್ಷರ ಚಲೋ ಉಂಟು. ಅದೇ ಕಷ್ಟ.”

ಕಷ್ಟ ಏನೆಂದು ಮೊದಲ ದಿನವೇ ಕಂಡಿತು. ಬಂದವರು ಬಾಗಿಲಿಂದ ನೇರ ಶೀಟಿನ ಹತ್ತಿರ ಹೋಗುವರು. ಕೈ ಹಿಂದೆ ಕಟ್ಟಿಕೊಂಡು ಕವಿತೆ ಓದುವರು. ಓದಿ ಮುಗಿಸಿ ಎಡಕ್ಕೆ ತಿರುಗಿ ಚಿತ್ರದಲ್ಲಿ ದೋಣಿ ಹುಡುಕುವರು. ಸಿಗದಿದ್ದಾಗ ಒಮ್ಮೆ ಕೆಮ್ಮಿ ಮುಂದಿನ ಶೀಟಿಗೆ ಹೋಗುವರು. ಆಯಿ ಹಿಂದಿನ ಬೆಂಚಿನಲ್ಲಿ ಕೂತು, ಒಬ್ಬೊಬ್ಬರ ಬೆನ್ನನ್ನೂ ನೋಡುತ್ತಿದ್ದಳು. ನಾನು ಬಾಗಿಲ ಹತ್ತಿರದ ಮೇಜಿನಲ್ಲಿ, ಅಭಿಪ್ರಾಯ ಬರೆಯುವ ಪುಸ್ತಕದ ಮುಂದೆ. ಮಧ್ಯಾಹ್ನದವರೆಗೂ ಯಾರೂ ಬರೆದಿರಲಿಲ್ಲ. ಆಗ ಬಂದವಳು ದೇವಕಿ, ನಮ್ಮ ಮನೆಗೆ ಮೀನು ತರುತ್ತಿದ್ದವಳು. ಮಾಸ್ತರರು ಬುಟ್ಟಿ ಒಳಗೆ ಬೇಡ ಎಂದರು. ಅವಳು ಬುಟ್ಟಿಯನ್ನು ಮೆಟ್ಟಿಲಲ್ಲಿ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು.

“ಎಂತ ಚಿತ್ರ ತಂಗೀ ಇದು?”

“ಪಕ್ಕದಲ್ಲಿ ಕವಿತೆ ಉಂಟು ದೇವಕಕ್ಕ. ಓದು.”

“ಓದೂಕೆ ಬಂದ್ರೆ ನಾ ಮೀನು ಮಾರ್ತಿದ್ನಾ? ನಿನ್ನಪ್ಪನ ಖುರ್ಚೀಲಿ ಕೂರ್ತಿದ್ದೆ.”

ಹಾಗೆ ಹೇಳಿ ಅವಳು ಚಿತ್ರದ ಮುಂದೆಯೇ ನಿಂತಳು. ಓದಲು ಬರದ ಕಾರಣ ಅವಳಿಗೆ ನೋಡುವುದೊಂದೇ ದಾರಿ ಉಳಿದಿತ್ತು. ಹತ್ತಿರ ಹೋದಳು, ಹಿಂದೆ ಸರಿದಳು, ಬಾಗಿಲವರೆಗೂ ಹೋಗಿ ಅಲ್ಲಿಂದ ನೋಡಿದಳು. ಆ ಹೊತ್ತಿಗೆ ಮೆಟ್ಟಿಲಲ್ಲಿ ಕಾಗೆ ಬಂದಿತ್ತು. ಅವಳು ಅತ್ತ ಒಮ್ಮೆ “ಹುಶ್” ಅಂದು ಮತ್ತೆ ಇತ್ತ ತಿರುಗಿದಳು. ಹೋಗುವಾಗ ನನ್ನ ಮೇಜಿಗೆ ಬಂದಳು.

“ಇದ್ರಲ್ಲಿ ಎಂತ ಬರಿಯೂದು?”

“ನೋಡಿ ಎಂತ ಅನ್ನಿಸ್ತು ಅಂತ.”

“ಹಾಗಾದ್ರೆ ಬರಿ. ಎಂತ ಚಿತ್ರ ಅಂತ ದೇವಕಿ ಕೇಳಿದ್ಲು ಅಂತ ಬರಿ.”

ನಾನು ‘ಎಂತ ಚಿತ್ರ’ ಎಂದು ಬರೆದು, ಕೆಳಗೆ ‘ದೇವಕಿ’ ಎಂದು ಬರೆದೆ. ಪ್ರಶ್ನೆ ಚಿಹ್ನೆ ಹಾಕಲಿಲ್ಲ. ಹನ್ನೊಂದರ ಹುಡುಗಿಗೆ ಅದು ಪರೀಕ್ಷೆಯಲ್ಲಿ ಮಾತ್ರ ಹಾಕುವಂಥದ್ದು. ಆಮೇಲೆ ಬಂದವರು, ಇಂಥ ಪುಸ್ತಕದಲ್ಲಿ ಎಲ್ಲರೂ ಮಾಡುವ ಹಾಗೆ, ಮೇಲೆ ಏನಿದೆ ಎಂದು ನೋಡಿ ಅದನ್ನೇ ಬರೆದರು. ಕೆಲವರು ನಿಜಕ್ಕೂ ಅದನ್ನೇ ಕೇಳಬೇಕೆಂದಿದ್ದರು, ಕೆಲವರು ಬೇರೇನು ಬರೆಯಬೇಕೆಂದು ತಿಳಿಯದೆ ಬರೆದರು. ಕಚೇರಿ ಬಿಟ್ಟ ಮೇಲೆ ಅಪ್ಪನ ಜೊತೆಯವರು ನಾಲ್ಕು ಮಂದಿ ಬಂದರು. ಅವರು ‘ಮೇಲಿನಂತೆ’ ಎಂದು ಬರೆದು ಸಹಿ ಹಾಕಿ, ಒಬ್ಬರು ಅಭ್ಯಾಸಬಲದಿಂದ ತಾರೀಖನ್ನೂ ಹಾಕಿದರು. ಮೂರನೆಯ ದಿನ ಒಬ್ಬ ವರದಿಗಾರ ಬಂದ. ಬಯಲುಸೀಮೆಯವನು, ನಮ್ಮ ಕರಾವಳಿಗೆ ಹೊಸಬ. ಚಿತ್ರಗಳನ್ನು ಬೇಗ ಬೇಗ ನೋಡಿ, ಕವಿತೆ ಒಂದೆರಡನ್ನು ಬರೆದುಕೊಂಡು, ಅಭಿಪ್ರಾಯದ ಪುಸ್ತಕವನ್ನು ತುಂಬ ಹೊತ್ತು ಓದಿದ. ನನ್ನನ್ನಾಗಲೀ ಆಯಿಯನ್ನಾಗಲೀ ಏನೂ ಕೇಳಲಿಲ್ಲ. ಸಂಜೆಯ ಬಸ್ಸು ಹಿಡಿಯಬೇಕಿತ್ತು ಅವನಿಗೆ. ಇಂಥ ಬಸ್ಸುಗಳನ್ನು ಮುಂದೆ ನಾನೂ ಹಿಡಿದಿದ್ದೇನೆ.

ಪತ್ರಿಕೆಯಲ್ಲಿ ಬಂದ ಶೀರ್ಷಿಕೆ ಹೀಗಿತ್ತು: ‘ಎಂಥ ಚಿತ್ರ!’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹೊನ್ನಾವರದಲ್ಲಿ ಕಲಾಭಿಮಾನಿಗಳ ಉದ್ಗಾರ. ನಮ್ಮ ಕಡೆ ‘ಎಂತ’ ಎಂದರೆ ಏನು ಎಂದು ಕೇಳುವ ಮಾತು. ಅವನ ಕಡೆ ಅದು ‘ಎಂಥ’ ಆಗಿ, ಅಚ್ಚರಿಪಟ್ಟು ಹೊಗಳುವ ಮಾತು. ಊರೊಂದು ಮೂರು ದಿನ ತಲೆ ಕೆರೆದುಕೊಂಡು ಕೇಳಿದ ಪ್ರಶ್ನೆಯನ್ನು ಅವನು ಚಪ್ಪಾಳೆ ಎಂದು ಓದಿದ್ದ. ಅಪ್ಪ ಪತ್ರಿಕೆಯನ್ನು ಹೊಸ್ತಿಲ ಮೇಲೆ ಕೂತು ಓದಿದ, ಪ್ರತಿ ಸಾಲು ಎರಡು ಸಲ. ವರದಿಯಲ್ಲಿ ಅವನ ಕವಿತೆಯ ಮೂರು ಸಾಲುಗಳಿದ್ದವು. ಕವಿತೆ ಇಲ್ಲದೆ ಚಿತ್ರ ಪೂರ್ತಿಯಾಗದು ಎಂಬರ್ಥದ ಒಂದು ವಾಕ್ಯವೂ ಇತ್ತು.

“ಎಂತ ಚಿತ್ರ ಅಂತ ದೇವಕಿ ಕೇಳಿದ್ದಲ್ದ?” ಅಂದಳು ಆಯಿ.

“ಕೇಳಿದ್ದೋ ಹೊಗಳಿದ್ದೋ. ಪೇಪರಿನಲ್ಲಿ ಬಂದದ್ದು ಸುಳ್ಳಾಗ್ತದಾ?”

ಎರಡು ವಾರದಲ್ಲಿ ಹುಬ್ಬಳ್ಳಿಯ ಒಂದು ಕಲಾಸಂಘದಿಂದ ಪತ್ರ ಬಂತು. ಒಂಬತ್ತು ಚಿತ್ರಗಳನ್ನೂ ಕವಿತೆಗಳ ಜೊತೆಗೆ ಅಲ್ಲಿ ಇಡಬೇಕು. ಆಹ್ವಾನದ ಮೇಲೆ ದೋಣಿಯ ಚಿತ್ರ ಅಚ್ಚು ಹಾಕಿಸುತ್ತಾರೆ. ಪ್ರದರ್ಶನದ ಹೆಸರು ‘ಎಂಥ ಚಿತ್ರ!’. ಇಂಥ ಪತ್ರ ಆಯಿಯ ಹೆಸರಿಗೆ ಹಿಂದೆ ಬಂದಿರಲಿಲ್ಲ, ಮುಂದೆಯೂ ಬಹಳ ಕಾಲ ಬರಲಿಲ್ಲ. ಅವಳು ಅದನ್ನು ನನ್ನಿಂದ ಎರಡು ಸಲ ಓದಿಸಿ, ಮಡಚಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಳು. ಅವಳಿಗೆ ಹೋಗುವ ಆಸೆ ಇತ್ತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ಆ ವಾರ ಅವಳು ಒಂಬತ್ತು ಹಲಗೆಗಳ ಅಂಚಿಗೂ ಹೊಸದಾಗಿ ಬಣ್ಣ ಬಳಿದಳು, ಹಳೆಯ ಸೀರೆ ಹರಿದು ಅವನ್ನು ಸುತ್ತಲು ಬಟ್ಟೆ ಮಾಡಿಟ್ಟಳು. ಆಮೇಲೆ ಒಂದು ಸಂಜೆ ಅಪ್ಪ ಉತ್ತರ ಬರೆಯಲು ಕೂತಾಗ ತನ್ನ ಎರಡು ಮಾತು ಹೇಳಿದಳು.

“ಶೀಟು ಬೇಡ ಅಂತ ಬರೀರಿ. ಮತ್ತೆ ಆ ಹೆಸ್ರು ತಪ್ಪು, ಅದು ಕೇಳಿದ ಮಾತು ಅಂತ ಬರೀರಿ.”

“ಹುಚ್ಚಾ ನಿಂಗೆ? ಅವ್ರು ಕರೆದದ್ದೇ ಅದನ್ನ ಓದಿ.”

“ಅದ್ಕೇ ಬರೀರಿ. ಸುಳ್ಳಿಗೆ ಕರ್ದ್ರೆ ಹೋಗಿ ಎಂತ ಮಾಡೂದು?”

“ನನ್ನ ಕವಿತೆ ತೆಗೆದ್ರೆ ನಿನ್ನ ಚಿತ್ರ ಎಂತದು ಮಾರಾಯ್ತಿ?”

ಅಪ್ಪ ಕೆಟ್ಟವನಲ್ಲ. ಆ ಮಾತು ಬಾಯಿಂದ ಬಿದ್ದ ಕೂಡಲೇ ಅವನು ಪೆನ್ನಿನ ಮುಚ್ಚಳ ಹಾಕಿದ್ದು ನನಗೆ ನೆನಪಿದೆ. ಆಯಿ ಕೂಗಲಿಲ್ಲ. ಈಳಿಗೆಮಣೆಯಿಂದ ಎದ್ದು ಕೈ ತೊಳೆದಳು.

“ಅದನ್ನೇ ಎಲ್ಲರೂ ಕೇಳಿದ್ದು. ಬರ್ದಿಟ್ಟದ್ದುಂಟಲ್ಲ. ತಂಗೀ, ಆ ಪುಸ್ತಕ ತಂದು ಓದು. ಅವ್ರು ಹ್ಯಾಗೆ ಹೇಳಿದ್ರೋ ಹಾಗೇ ಓದು.”

ನಾನು ಪುಸ್ತಕ ತಂದೆ. ಮೊದಲ ಪುಟ ತೆಗೆದೆ. ದೇವಕಿಯ ಹೆಸರಿನ ಮೇಲೆ ನನ್ನದೇ ದುಂಡಗಿನ ಅಕ್ಷರದಲ್ಲಿ ಎರಡೇ ಪದ. ಅವಳು ಹೇಗೆ ಹೇಳಿದ್ದಳೆಂದು ನನ್ನಷ್ಟು ಸರಿಯಾಗಿ ಬಲ್ಲವರು ಯಾರೂ ಇರಲಿಲ್ಲ. ಅಪ್ಪ ನನ್ನ ಮುಖ ನೋಡುತ್ತಿದ್ದ. ಅಷ್ಟೂ ವರ್ಷಗಳಲ್ಲಿ ಅವನ ಕವಿತೆಗೆ ಮೊದಲ ಸಲ ಯಾರೋ ದೂರದವರು ಕಾಗದ ಬರೆದಿದ್ದರು. ಇನ್ನೊಂದು ಕಾರಣವನ್ನೂ ಇಲ್ಲಿ ಬಚ್ಚಿಡಬಾರದು. ಆಗ ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ಹುಬ್ಬಳ್ಳಿಗೆ ಹೋದರೆ ರೈಲು ತೋರಿಸುತ್ತೇನೆ ಎಂದು ಅಪ್ಪ ಹೇಳಿದ್ದ. ನಾನು ಓದಿದೆ. ಪತ್ರಿಕೆಯವನು ಓದಿದ ಹಾಗೆ ಓದಿದೆ. ಹುಬ್ಬು ಏರಿಸಿ, ‘ಎಂತ’ವನ್ನು ಎಳೆದು, ಶಾಲೆಯ ನಾಟಕದಲ್ಲಿ ರಾಣಿ ಅರಮನೆ ನೋಡಿ ಹೇಳುವಂತೆ. ಎರಡನೆಯದನ್ನೂ ಹಾಗೆಯೇ. ಮೂರನೆಯದನ್ನೂ. ಒಂದಕ್ಷರವನ್ನೂ ನಾನು ಬದಲಿಸಲಿಲ್ಲ.

ಆಯಿ ಕೇಳಿಸಿಕೊಂಡಳು. ನನ್ನನ್ನೇ ನೋಡಿದಳು. ಆಮೇಲೆ ಒಂದೇ ಮಾತು:

“ಆತು.”

ಆತು ಎಂದರೆ ಒಪ್ಪಿದೆ ಎಂದೂ ಆಗುತ್ತದೆ, ಮುಗಿಯಿತು ಎಂದೂ ಆಗುತ್ತದೆ. ಅಪ್ಪ ಮೊದಲನೆಯ ಅರ್ಥ ತೆಗೆದುಕೊಂಡು ಮರುದಿನ ಒಪ್ಪಿಗೆಯ ಕಾಗದ ಹಾಕಿದ. ಅದೇ ವಾರ ಮಳೆ ಹಿಡಿಯಿತು. ನಮ್ಮ ಅಡುಗೆಮನೆಗೆ ಹೊಳೆಯ ಕಡೆ ಒಂದು ದೊಡ್ಡ ಕಿಟಕಿ, ಅದಕ್ಕೆ ಬಾಗಿಲಿರಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದೆವು. ಆ ಬೆಳಿಗ್ಗೆ ಸುತ್ತಿಗೆಯ ಸದ್ದಿಗೆ ನಾನು ಎದ್ದು ಹೋಗಿ ನೋಡಿದರೆ, ಆಯಿ ಹೊರಗೆ ಮಳೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ಆ ಕಿಟಕಿಗೆ ದೋಣಿಯ ಚಿತ್ರವನ್ನು ಹೊಡೆಯುತ್ತಿದ್ದಳು. ನಾಲ್ಕು ಮೂಲೆಗೆ ನಾಲ್ಕು ಮೊಳೆ. ಬಣ್ಣದ ಮುಖ ಹೊರಗೆ, ಹೊಳೆಯ ಕಡೆಗೆ. ಒಳಗಿನಿಂದ ಕಾಣುತ್ತಿದ್ದದ್ದು ಹಲಗೆಯ ಬೋಳು ಬೆನ್ನು. ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೆಯೇ ಓಡಿ ಬಂದ.

“ಅದು ಆಹ್ವಾನದ ಮೇಲೆ ಬರೂ ಚಿತ್ರ!”

“ಅದು ಈಗ ಕೆಲಸದ ಮೇಲುಂಟು.”

“ಮಳೆಗೆ ಹಾಳಾಗ್ತದೆ.”

“ದೋಣಿ ಬಣ್ಣ. ನೀರಿಗೆ ಹೆದರೂದಿಲ್ಲ.”

ಕಾಗದ ಬರೆದು ಇಲ್ಲ ಎನ್ನಬೇಕಾದ ಕೆಲಸ ಅಪ್ಪನ ಪಾಲಿಗೆ ಬಂತು. ಅನಾರೋಗ್ಯದ ಕಾರಣ ಎಂದು ಬರೆದ. ಯಾರ ಅನಾರೋಗ್ಯ ಎಂದು ಬರೆಯಲಿಲ್ಲ. ಉಳಿದ ಎಂಟು ಹಲಗೆಗಳು ಸೀರೆಯ ಬಟ್ಟೆಯಲ್ಲೇ ಅಟ್ಟಕ್ಕೆ ಹೋದವು. ನನಗೆ ಆಯಿ ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು. ಅವಳು ಮಾಡಿದ್ದು ಬೇರೆ. ಆಮೇಲೆ ಅಪ್ಪನಿಗೆ ಏನಾದರೂ ಹೇಳಬೇಕಾದರೆ ಅವಳೇ ಹೇಳಿದಳು, ನನ್ನ ಮೂಲಕ ಕಳಿಸಲಿಲ್ಲ. ಗಂಜಿ ಆರುವುದನ್ನೂ. ಮನೆಯಲ್ಲಿ ನನಗಿದ್ದ ಹುದ್ದೆ ಹಾಗೆ ಹೋಯಿತು. ಹೊಸ್ತಿಲ ಓದು ಮಾತ್ರ ನಿಲ್ಲಲಿಲ್ಲ. ಅಪ್ಪ ಓದುತ್ತಿದ್ದ, ಅವಳು ತುರಿಯುತ್ತಿದ್ದಳು, ಎಲ್ಲೋ ಒಂದು ಕಡೆ ಸದ್ದು ನಿಲ್ಲುತ್ತಿತ್ತು, ಮರುದಿನ ಚಿತ್ರ. ಆದರೆ ಅವನು ದೋಣಿ ಎಲ್ಲಿ ಎಂದು ಇನ್ನೊಮ್ಮೆ ಕೇಳಲಿಲ್ಲ, ಅವಳು ಪ್ರದರ್ಶನದ ಮಾತೆತ್ತಲಿಲ್ಲ.

ಕಿಟಕಿಯ ಹಲಗೆ ಮಳೆಗಾಲ ಮುಗಿದರೂ ಇಳಿಯಲಿಲ್ಲ. ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಹೊಳೆಯಾಚೆ ಗೆಳತಿಯ ಮನೆಗೆ ಹೋಗಿ ತಾರಿದೋಣಿಯಲ್ಲಿ ವಾಪಸು ಬರುತ್ತಿದ್ದೆ. ಯಾರೋ ಒಬ್ಬರು ತಮ್ಮನ್ನು ಎಲ್ಲಿ ಇಳಿಸಬೇಕೆಂದು ಹೇಳುತ್ತಿದ್ದರು.

“ಕೆಂಪು ಪಟ್ಟಿ ಮನೆ ಉಂಟಲ್ದ, ಅಲ್ಲಿಂದ ಸ್ವಲ್ಪ ಈಚೆ.”

ತಾರಿಯವನು ಯಾವ ಮನೆ ಎಂದು ಕೇಳಲಿಲ್ಲ. ನಾನು ತಲೆ ಎತ್ತಿದೆ. ಹಸಿರು ದಡದ ನಡುವೆ, ಅಷ್ಟು ದೂರದಿಂದ, ಬೂದು ಹಲಗೆಯ ಮೇಲೆ ಆ ಕೆಂಪು ಅಂಚಿನವರೆಗೂ ಹೋಗಿ ನಿಂತಿತ್ತು. ಪಕ್ಕದಲ್ಲಿ ಶೀಟಿರಲಿಲ್ಲ. ಮನೆಗೆ ಓಡಿ ಬಂದು ಆಯಿಗೆ ಹೇಳಿದೆ. ಅವಳು ಸಂತೋಷಪಡುತ್ತಾಳೆ, ನನ್ನ ತಪ್ಪು ಅರ್ಧ ತೀರುತ್ತದೆ ಎಂದು ನಾನು ಎಣಿಸಿದ್ದೆ.

“ಕಿಟಕಿ ಮುಚ್ಚೂಕೆ ಹಾಕಿದ್ದು,” ಎಂದು ಹೇಳಿ ಅವಳು ಅನ್ನ ಬಸಿಯಲು ಹೋದಳು.

ಇಷ್ಟು ನನ್ನ ಬಳಿ ಇರುವ ಸಂಗತಿ. ಅಪ್ಪ ತೀರಿಕೊಂಡು ಹಲವು ವರ್ಷವಾಯಿತು. ನಾನು ಕೆಲಸ ಬಿಟ್ಟು ಕುಮಟೆಯಲ್ಲಿ ಮನೆ ಮಾಡಿದ್ದೇನೆ. ಆಯಿ ನನ್ನ ಜೊತೆಗಿದ್ದಾಳೆ, ಈಗಲೂ ಬರೆಯುತ್ತಾಳೆ, ಟ್ಯೂಬಿನ ಹೊಸ ಬಣ್ಣಗಳಿಗೆ ವಾಸನೆಯೇ ಇಲ್ಲ ಎಂದು ದಿನವೂ ಗೊಣಗುತ್ತಾಳೆ. ಅಪ್ಪನ ನೋಟುಬುಕ್ಕಿನಿಂದ ಸಂಜೆ ನಾನು ಓದುತ್ತೇನೆ. ಮನೆಯ ಮುಂಭಾಗ ಒಡೆದಾಗ ಕಿಟಕಿಯ ಹಲಗೆಯನ್ನು ಬಿಡಿಸಿ ತಂದಿದ್ದೆವು. ನಾಲ್ಕು ಮೂಲೆಗೆ ನಾಲ್ಕು ಮೊಳೆಯ ತೂತು, ಮೇಲಿನ ಅಂಚು ಸ್ವಲ್ಪ ಉಬ್ಬಿದೆ, ಕೆಂಪು ಮಾಸಿಲ್ಲ. ಅದರ ಕೆಳಗೆ ಹಾಕುವ ಟಿಪ್ಪಣಿಯನ್ನು ಹನ್ನೊಂದನೆಯ ದಿನ ಸರಿಯಾಗಿ ನಲವತ್ತು ಪದಕ್ಕೆ ತಂದು ಅವಳಿಗೆ ಓದಿ ಹೇಳಿದೆ. ಕಡಲು, ಅಗಲಿಕೆ, ಉಳಿದವರು ಎಂದೆಲ್ಲ ಅದರಲ್ಲಿತ್ತು. ಆಯಿ ಕೊನೆಯವರೆಗೂ ಕೇಳಿದಳು.

“ಚಲೋ ಬರದ್ದೆ. ಇದ್ರಲ್ಲಿ ದೋಣಿ ಎಲ್ಲಿ?”

ನಾನು ನಕ್ಕೆ. ಅವಳು ನಗಲಿಲ್ಲ. ಆಗ, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ. ಊರಿನವರೆಲ್ಲ ಎಂತ ಚಿತ್ರ, ಎಂತ ಚಿತ್ರ ಎಂದು ಬರೆದದ್ದಕ್ಕೆ ಅವಳಿಗೆ ಅವಮಾನವಾಗಿತ್ತೇ ಎಂದು.

“ಕೇಳಿದ್ರೆ ಎಂತ ಅವಮಾನ? ದೇವಕಿ ಕೇಳಿದ್ಲು, ಮತ್ತೆ ಬುಟ್ಟಿಗೆ ಕಾಗೆ ಬಂದ್ರೂ ನಿಂತು ನೋಡಿದ್ಲು. ಪೇಪರಿನೋನು ಹೊಗಳ್ದ, ಬಸ್ಸಿಗೆ ಹೋದ. ಅವ್ಳು ಕೇಳಿದ್ದನ್ನ ನೀ ಹೊಗಳಿಕೆ ಮಾಡಿ ಓದಿದ್ಯಲ್ಲ, ಅವತ್ತು ನನ್ನ ಚಿತ್ರ ನೋಡೂಕೆ ಇದ್ದೊಬ್ಳೂ ಹೋದ್ಲು.”

ಟಿಪ್ಪಣಿಯನ್ನು ಹರಿದೆ. ಪ್ರದರ್ಶನದ ಹುಡುಗಿಗೆ ಎರಡು ಪದ ಕಳಿಸಿದೆ, ಎಂತ ಚಿತ್ರ, ಕೊನೆಗೆ ಪ್ರಶ್ನೆ ಚಿಹ್ನೆ. ಫೋನಿನಲ್ಲಿಯೂ ಹೇಳಿದೆ, ತ, ಮಹಾಪ್ರಾಣದ ಥ ಅಲ್ಲ, ಕೊನೆಯಲ್ಲಿ ಪ್ರಶ್ನೆ. ಅವಳು ಬರೆದುಕೊಂಡೆ ಎಂದಳು. ಮೊನ್ನೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಆಯಿಯನ್ನು ಸಭಾಂಗಣಕ್ಕೆ ಕರೆದುಕೊಂಡು ಹೋಗಿ ಚಿತ್ರದ ಎದುರು ಖುರ್ಚಿಯಲ್ಲಿ ಕೂರಿಸಿದೆ. ಕೆಳಗೆ ಅಂಟಿಸಿದ ಕಾರ್ಡು ಹೊಳೆಯುವ ಕಾಗದದ್ದು, ಅಕ್ಷರ ದೊಡ್ಡದು: ‘ಎಂಥ ಚಿತ್ರ!’. ಅಚ್ಚಿನ ಅಂಗಡಿಯವನು ತಪ್ಪು ಕಂಡು ತಾನೇ ತಿದ್ದಿದ್ದಾನೆ ಎಂದು ಹುಡುಗಿ ಅಳುಮುಖ ಮಾಡಿಕೊಂಡು ಹೇಳಿದಳು. ಬೇರೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಹೊರಗೆ ಜನ ಚಪ್ಪಲಿ ಬಿಡುತ್ತಿದ್ದರು. ನಾನು ಚೀಲದಿಂದ ಪೆನ್ನು ತೆಗೆದು ಮೊಣಕಾಲೂರಿದೆ. ಥ ಹೊಡೆದು ಮೇಲೆ ತ ಬರೆದೆ. ಉದ್ಗಾರ ಚಿಹ್ನೆಯ ಚುಕ್ಕೆ ಪ್ರಶ್ನೆ ಚಿಹ್ನೆಗೂ ಬೇಕಾದದ್ದೇ, ಅದನ್ನು ಹಾಗೇ ಬಿಟ್ಟೆ. ಮೇಲಿನ ನೆಟ್ಟಗಿನ ಗೀಟಿನ ತಲೆಗೆ ಕೊಕ್ಕೆ ಹಾಕಿದೆ.

“ಎಂತ ಮಾಡ್ತೆ ಅಲ್ಲಿ?”

“ತಿದ್ತೆ.”

“ಓದು ಕಾಂಬ.”

ಅಲ್ಲೇ ಕೂತು ಓದಿದೆ. ದೇವಕಿ ಕೇಳಿದ ಹಾಗೆ ಓದಿದೆ. ಆಯಿ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

“ಇನ್ನೊಂದ್ಸಲ,” ಅಂದಳು.